ಏನೂ ಅನ್ನಿಸದ ಬೆಳಕು: ಮೊಣಕೈ ನೋವಿಗೆ ನಾನು ತಗೊಂಡ ಹತ್ತು ಸಿಟ್ಟಿಂಗ್ ಲೇಸರ್

ಮೊನ್ನೆ ಹತ್ತನೇ ಸಿಟ್ಟಿಂಗ್ ಮುಗಿಸಿಕೊಂಡು ಬಂದೆ. ಬಲಗೈ ಮೊಣಕೈ ನೋವು ಶುರುವಾಗಿ ಹೆಚ್ಚು ಕಡಿಮೆ ಐದು ತಿಂಗಳಾಯಿತು. ಇಷ್ಟರಲ್ಲಿ ಮಾಡಿದ ತಪ್ಪುಗಳು, ಸುಮ್ನೆ ಕಾದ ದಿನಗಳು, ದಂಡವಾದ ದುಡ್ಡು ಎಲ್ಲವೂ ನೆನಪಿರುವಾಗಲೇ ಬರೆದಿಡೋಣ ಅಂತ ಕೂತಿದ್ದೇನೆ. ಲೇಸರ್ ಅಂದಾಗ ನನ್ನ ತಲೆಯಲ್ಲಿದ್ದ ಚಿತ್ರಕ್ಕೂ ಅಲ್ಲಿ ನಡೆದಿದ್ದಕ್ಕೂ ಸಂಬಂಧವೇ ಇರಲಿಲ್ಲ. ನಿಮಗೂ ಯಾರಾದರೂ ಲೇಸರ್ ತಗೊಳ್ಳಿ ಅಂದಿದ್ದರೆ, ನಾನು ಎಡವಿದ ಕಡೆ ನೀವು ಎಡವುವುದು ಬೇಡ.

ಶುರುವಾಗಿದ್ದು ಮನೆ ಬದಲಾಯಿಸುವಾಗ. ಪುಸ್ತಕದ ಕಪಾಟು, ಎರಡು ಮಂಚ, ಒಂದು ಮೇಜು, ಎಲ್ಲವನ್ನೂ ನಾನೇ ಬಿಚ್ಚಿ ನಾನೇ ಜೋಡಿಸುತ್ತೇನೆ ಅಂತ ಹಟ. ಎರಡು ದಿನ ಬಿಡದೆ ಸ್ಕ್ರೂಡ್ರೈವರ್ ತಿರುಗಿಸಿದೆ. ಮೂರನೇ ದಿನ ಬೆಳಿಗ್ಗೆ ಬಕೆಟ್ ಎತ್ತಲು ಹೋದಾಗ ಮೊಣಕೈ ಹೊರಮಗ್ಗುಲಲ್ಲಿ ಚುಳ್ ಅಂತು. ಉಳುಕಿರಬೇಕು, ಎರಡು ದಿನದಲ್ಲಿ ಹೋಗುತ್ತೆ ಅಂದುಕೊಂಡೆ. ಮುಲಾಮು ಹಚ್ಚಿದೆ, ಶಾಖ ಕೊಟ್ಟೆ, ಆರು ವಾರ ಹೀಗೇ ತಳ್ಳಿದೆ. ಬಟ್ಟೆ ಹಿಂಡಿದರೆ ನೋವು, ಬಾಗಿಲ ಹಿಡಿ ತಿರುಗಿಸಿದರೆ ನೋವು, ಯಾರಾದರೂ ಕೈಕುಲುಕಿದರಂತೂ ಕಣ್ಣಲ್ಲಿ ನೀರು. ಕೊನೆಗೊಂದು ದಿನ ನೀರು ತುಂಬಿದ ಗಾಜಿನ ಜಗ್ಗು ಕೈಯಿಂದ ಜಾರಿ ಚೂರಾಯಿತು. ಭಾರಕ್ಕೆ ಜಾರಿದ್ದಲ್ಲ, ಬೆರಳಿಗೆ ಹಿಡಿತವೇ ಇರಲಿಲ್ಲ. ಆಗ ನಿಜವಾಗಿಯೂ ಹೆದರಿಕೆಯಾಯಿತು.

ಮೂಳೆ ಡಾಕ್ಟ್ರು ಹತ್ತು ನಿಮಿಷದಲ್ಲಿ ಹೇಳಿಬಿಟ್ಟರು. ಮುಷ್ಟಿ ಬಿಗಿ ಮಾಡಿಸಿ, ಮಣಿಕಟ್ಟು ಮೇಲೆತ್ತಿಸಿ, "ನಾನು ಕೆಳಗೆ ಒತ್ತುತ್ತೇನೆ, ನೀವು ಬಿಡಬೇಡಿ" ಅಂದರು. ಬಿಡದೆ ಇರಲು ಆಗಲಿಲ್ಲ. ಆಮೇಲೆ ಅಂಗೈ ಕವುಚಿ, ಬೆರಳು ಚಾಚಿಸಿ, ಮಧ್ಯದ ಬೆರಳೊಂದನ್ನೇ ಒತ್ತಿದರು. ಒತ್ತಿದ್ದು ಬೆರಳನ್ನು, ನೋವು ಬಂದಿದ್ದು ಮೊಣಕೈಯಲ್ಲಿ!

"ಟೆನಿಸ್ ಎಲ್ಬೋ" ಅಂದರು.

"ನಾನು ಜನ್ಮದಲ್ಲಿ ಟೆನಿಸ್ ಬ್ಯಾಟ್ ಮುಟ್ಟಿಲ್ಲ ಡಾಕ್ಟ್ರೇ."

"ಮುಟ್ಟಿದವರು ನನ್ನ ಹತ್ತಿರ ಬರೋದೇ ಕಮ್ಮಿ. ನಿಮ್ಮ ಹಾಗೆ ಸ್ಕ್ರೂ ತಿರುಗಿಸಿದವರು, ಬಟ್ಟೆ ಹಿಂಡಿದವರು, ದಿನವಿಡೀ ಮೌಸ್ ಹಿಡಿದವರೇ ಜಾಸ್ತಿ."

ಮಣಿಕಟ್ಟನ್ನು ಮೇಲೆತ್ತುವ ಸ್ನಾಯುಗಳ ಟೆಂಡನ್, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ, ಮೊಣಕೈ ಹೊರಗಿನ ಮೂಳೆಯ ಉಬ್ಬಿಗೆ ಅಂಟಿಕೊಂಡಿರುತ್ತದೆ. ಆ ಬುಡ ಹಾಳಾಗಿತ್ತು. ಮೂವತ್ತೈದರಿಂದ ಐವತ್ತೈದರ ವಯಸ್ಸಿನಲ್ಲಿ ಇದು ಹೆಚ್ಚಂತೆ. ನನಗೆ ನಲವತ್ತಮೂರು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ, ಸಾಮಾನ್ಯವಾಗಿ ಕಾಣುವುದೂ ಇಲ್ಲ. ಆದರೂ ತೆಗೆಸಿದ್ದು ಒಳ್ಳೆಯದೇ ಆಯಿತು. ಮುಂದೆ ಹೋದಲ್ಲೆಲ್ಲ ಮೊದಲು ಕೇಳಿದ್ದೇ ಅದನ್ನು.

ಮೂರು ವಾರಕ್ಕೆ ನೋವಿನ ಮಾತ್ರೆ, ಮುಂಗೈಗೆ ಕಟ್ಟುವ ಬೆಲ್ಟ್ ಬರೆದುಕೊಟ್ಟರು. ಕಡಿಮೆಯಾಗಲಿಲ್ಲ. ಮತ್ತೆ ಹೋದಾಗ ಸ್ಟೆರಾಯ್ಡ್ ಇಂಜೆಕ್ಷನ್ ಮಾತು ಬಂತು. ಈ ಡಾಕ್ಟ್ರು ನಿಜ ಹೇಳಿದರು, ಅದಕ್ಕೆ ನಾನು ಋಣಿ. ಇಂಜೆಕ್ಷನ್ ಕೊಟ್ಟರೆ ಕೆಲವೇ ದಿನಗಳಲ್ಲಿ ಹಗುರ ಅನ್ನಿಸುತ್ತದೆ. ಆದರೆ ಒಂದು ವರ್ಷದ ನಂತರ ನೋಡಿದರೆ, ಇಂಜೆಕ್ಷನ್ ತಗೊಂಡವರಿಗಿಂತ ತಗೊಳ್ಳದವರೇ ಚೆನ್ನಾಗಿರುತ್ತಾರೆ, ನೋವು ಮರುಕಳಿಸುವುದೂ ತಗೊಂಡವರಲ್ಲೇ ಜಾಸ್ತಿ. 2006ರಲ್ಲಿ ಮತ್ತು 2013ರಲ್ಲಿ ಪ್ರಕಟವಾದ ಎರಡು ದೊಡ್ಡ ಅಧ್ಯಯನಗಳು ಇದನ್ನೇ ತೋರಿಸಿವೆ. "ಅವಸರ ಇದ್ದರೆ ಕೊಡುತ್ತೇನೆ. ಇಲ್ಲದಿದ್ದರೆ ಫಿಸಿಯೋಥೆರಪಿ ಮಾಡಿಸಿ, ಜೊತೆಗೆ ಬೇಕಾದರೆ ಲೇಸರ್ ತಗೊಳ್ಳಿ" ಅಂದರು. ಒಂದು ಚೀಟಿ ಬರೆದುಕೊಟ್ಟರು. ಆ ಚೀಟಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಲೇಸರ್ ಅಂದ ಕೂಡಲೇ ನನ್ನ ಕಣ್ಣ ಮುಂದೆ ಬಂದಿದ್ದು ಕೊಯ್ಯುವ, ಸುಡುವ ಯಂತ್ರ. ಅದು ಬೇರೆ, ಇದು ಬೇರೆ. ಶಸ್ತ್ರಚಿಕಿತ್ಸೆಯ ಲೇಸರ್ ಅಂಗಾಂಶವನ್ನು ಸುಡುತ್ತದೆ. ನೋವಿಗೆ ಕೊಡುವ ಲೇಸರ್‌ನ ಶಕ್ತಿ ಕಡಿಮೆ, ಅದು ಏನನ್ನೂ ಕೊಯ್ಯುವುದಿಲ್ಲ. ಇದರ ಹುಟ್ಟಿನ ಕಥೆಯೂ ತಮಾಷೆಯಾಗಿದೆ. ಮೊದಲ ಲೇಸರ್ ಬೆಳಗಿದ್ದು 1960ರಲ್ಲಿ. ಏಳೇ ವರ್ಷಕ್ಕೆ, 1967ರಲ್ಲಿ, ಹಂಗೆರಿಯ ಬುಡಾಪೆಸ್ಟ್‌ನಲ್ಲಿ ಎಂಡ್ರೆ ಮೆಸ್ಟರ್ ಎಂಬ ವೈದ್ಯರು ಇಲಿಗಳ ಬೆನ್ನು ಬೋಳಿಸಿ ಅಲ್ಲಿಗೆ ರೂಬಿ ಲೇಸರ್ ಬಿಟ್ಟು ನೋಡಿದರು. ಅವರಿಗಿದ್ದ ಪ್ರಶ್ನೆ, ಲೇಸರ್‌ನಿಂದ ಕ್ಯಾನ್ಸರ್ ಬರುತ್ತದೆಯೇ ಎಂಬುದು. ಕ್ಯಾನ್ಸರ್ ಬರಲಿಲ್ಲ. ಬದಲಿಗೆ, ಬೆಳಕು ಬಿದ್ದ ಇಲಿಗಳಿಗೆ ಕೂದಲು ಬೇಗ ಬೆಳೆಯಿತು. ಅಲ್ಲಿಂದ ಮುಂದೆ ವಾಸಿಯಾಗದ ಗಾಯಗಳಿಗೆ, ಆಮೇಲೆ ನೋವಿಗೆ, ಹೀಗೆ ಹಬ್ಬಿತು. ಈಗ ಇದಕ್ಕೆ ಫೋಟೋಬಯೋಮಾಡ್ಯುಲೇಷನ್ ಅನ್ನುತ್ತಾರೆ. ಹೆಸರು ಬಾಯಲ್ಲಿ ತಿರುಗುವುದಿಲ್ಲ, ನಾವು ಲೇಸರ್ ಅಂತಲೇ ಕರೆಯೋಣ.

ಇದೆಲ್ಲ ಓದಿದ ಮೇಲೆ ಮಾಡಿದ್ದು ಮೊದಲ ದೊಡ್ಡ ತಪ್ಪು. ಮನೆಯಲ್ಲೇ ಮಾಡಿಕೊಂಡರಾಯಿತು ಅಂತ ಆನ್‌ಲೈನ್‌ನಲ್ಲಿ ಒಂದು ಪುಟ್ಟ ಸಾಧನ ತರಿಸಿದೆ. ಪೆನ್ನಿನಷ್ಟು ಗಾತ್ರ, ಕೆಂಪು ಬೆಳಕು, ಡಬ್ಬದ ಮೇಲೆ "ಆಳವಾದ ನೋವು ನಿವಾರಣೆ" ಎಂಬ ಬರಹ. ಮೂರು ವಾರ ದಿನಾ ರಾತ್ರಿ ಎರಡೆರಡು ನಿಮಿಷ ಹಿಡಿದೆ. ಏನೂ ಆಗಲಿಲ್ಲ. ಯಾಕೆ ಆಗಲಿಲ್ಲ ಅನ್ನುವುದು ಆಮೇಲೆ ಒಂದು ಸಣ್ಣ ಗುಣಾಕಾರದಿಂದ ಗೊತ್ತಾಯಿತು. ಆ ಲೆಕ್ಕವನ್ನು ಹೇಳುತ್ತೇನೆ, ಇಡೀ ಅನುಭವದಲ್ಲಿ ನನಗೆ ಅತಿ ಉಪಯೋಗಕ್ಕೆ ಬಂದಿದ್ದು ಅದೇ.

ಲೇಸರ್‌ನ ಡೋಸ್ ಅಳೆಯುವುದು ಜೂಲ್‌ನಲ್ಲಿ. ಎಷ್ಟು ವ್ಯಾಟ್ ಶಕ್ತಿಯೋ ಅದನ್ನು ಎಷ್ಟು ಸೆಕೆಂಡ್ ಹಿಡಿದಿರೋ ಅದರಿಂದ ಗುಣಿಸಿದರೆ ಜೂಲ್ ಸಿಗುತ್ತದೆ. ನನ್ನ ಪೆನ್ನು 5 ಮಿಲಿವ್ಯಾಟ್‌ನದ್ದು, ಅಂದರೆ 0.005 ವ್ಯಾಟ್. ಎರಡು ನಿಮಿಷ ಅಂದರೆ 120 ಸೆಕೆಂಡ್. ಗುಣಿಸಿದರೆ 0.6 ಜೂಲ್. ಆಮೇಲೆ ಫಿಸಿಯೋ ನನಗೆ ಒಂದೊಂದು ಜಾಗಕ್ಕೆ ಕೊಟ್ಟಿದ್ದು 3 ಜೂಲ್. ಅಷ್ಟು ನನ್ನ ಪೆನ್ನಿನಿಂದ ಬರಬೇಕಾದರೆ ಒಂದೇ ಜಾಗದ ಮೇಲೆ ಹತ್ತು ನಿಮಿಷ ಅಲುಗಾಡದೆ ಹಿಡಿಯಬೇಕಿತ್ತು. ಅಷ್ಟು ಮಾಡಿದರೂ, ಕೆಂಪು ಬೆಳಕಿಗಿಂತ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕೇ ಚರ್ಮದ ಕೆಳಗೆ ಹೆಚ್ಚು ಆಳಕ್ಕೆ ಹೋಗುವುದು. ಆ ಸಾಧನಕ್ಕೆ ಕೊಟ್ಟ ದುಡ್ಡಿನಲ್ಲಿ ನಾಲ್ಕು ಸಿಟ್ಟಿಂಗ್ ಆಗುತ್ತಿತ್ತು.

ಎರಡನೇ ತಪ್ಪಿನಿಂದ ಸ್ವಲ್ಪದರಲ್ಲಿ ಪಾರಾದೆ. ಜಾಹೀರಾತು ನೋಡಿ ಒಂದು ಕಡೆ ಹೋದೆ. ಕಣ್ಣು ಕೋರೈಸುವ ಒಳಾಂಗಣ, ದೊಡ್ಡ ಯಂತ್ರ. ಅಲ್ಲಿದ್ದವರು ನನ್ನ ಕೈಯನ್ನು ಮುಟ್ಟಿ ನೋಡುವ ಮೊದಲೇ ಹದಿನೈದು ಸಿಟ್ಟಿಂಗ್‌ನ ಪ್ಯಾಕೇಜ್ ಬಗ್ಗೆ ಹೇಳತೊಡಗಿದರು. ಪೂರ್ತಿ ಹಣ ಮುಂಗಡ, ಅರ್ಧಕ್ಕೆ ಬಿಟ್ಟರೆ ವಾಪಸ್ ಇಲ್ಲ. "ಯಾವ ತರಂಗಾಂತರದ ಲೇಸರ್?" ಅಂತ ಕೇಳಿದೆ. ತರಂಗಾಂತರ ಅಂದರೆ ಬೆಳಕಿನ ಅಲೆಯ ಉದ್ದ, ಬೆಳಕು ಯಾವ ಬಗೆಯದು ಅಂತ ಗೊತ್ತಾಗುವುದು ಅದರಿಂದಲೇ. "ಲೇಟೆಸ್ಟ್ ಮೇಡಂ, ಹೈ ಪವರ್" ಅಂದರು. ಎಷ್ಟು ಜೂಲ್ ಅಂದಾಗ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯೋಚಿಸಿ ಹೇಳುತ್ತೇನೆ ಅಂತ ಎದ್ದು ಬಂದೆ. ಹೈ ಪವರ್ ಯಂತ್ರಗಳೇ ಕೆಟ್ಟವು ಅಂತ ನಾನು ಹೇಳುತ್ತಿಲ್ಲ. ಸುರಕ್ಷತೆಯ ದೃಷ್ಟಿಯಿಂದ ಲೇಸರ್‌ಗಳನ್ನು ವರ್ಗ ಮಾಡಿದ್ದಾರೆ: 5ರಿಂದ 500 ಮಿಲಿವ್ಯಾಟ್‌ವರೆಗಿನವು 3ಬಿ ವರ್ಗ, ಅದಕ್ಕಿಂತ ಮೇಲಿನವು 4ನೇ ವರ್ಗ. ಎರಡನ್ನೂ ಫಿಸಿಯೋಗಳು ಬಳಸುತ್ತಾರೆ. 4ನೇ ವರ್ಗದ್ದು ಚರ್ಮವನ್ನು ಬಿಸಿ ಮಾಡುತ್ತದೆ, ಆದ್ದರಿಂದ ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಿರಬೇಕು. ಚರ್ಮದ ಬಣ್ಣ ದಟ್ಟವಾಗಿದ್ದರೆ ಅಥವಾ ಅಲ್ಲಿ ಹಚ್ಚೆ ಇದ್ದರೆ ಬೆಳಕನ್ನು ಮೇಲ್ಪದರವೇ ಹೀರಿಕೊಂಡು ಇನ್ನೂ ಬೇಗ ಕಾಯುತ್ತದೆ, ಸುಡಲೂಬಹುದು. ಅಂಥ ಯಂತ್ರವನ್ನು ಹಿಡಿಯುವವರಿಗೆ ಡೋಸ್ ಎಷ್ಟು ಅನ್ನುವುದೇ ಗೊತ್ತಿಲ್ಲದಿದ್ದರೆ ನಾನು ಕೈ ಕೊಡುವುದಿಲ್ಲ, ಅಷ್ಟೇ.

ಕೊನೆಗೆ ಡಾಕ್ಟ್ರೇ ಹೇಳಿದ ಫಿಸಿಯೋ ಹತ್ತಿರ ಹೋಗಲು ಎರಡು ವಾರ ಕಾಯಬೇಕಾಯಿತು. ಮೊದಲ ದಿನ ಲೇಸರ್ ಕೊಡಲೇ ಇಲ್ಲ. ಮುಕ್ಕಾಲು ಗಂಟೆ ಬರೀ ಪರೀಕ್ಷೆ, ಪ್ರಶ್ನೆ. ಕುತ್ತಿಗೆಯನ್ನೂ ತಿರುಗಿಸಿ ನೋಡಿದರು, ಕುತ್ತಿಗೆಯ ನರದಿಂದಲೂ ಮೊಣಕೈ ನೋವು ಬರಬಹುದಂತೆ. ಹಿಡಿತ ಅಳೆಯುವ ಸಾಧನ ಕೈಗೆ ಕೊಟ್ಟು, "ಜೋರಾಗಿ ಅಲ್ಲ, ನೋವು ಶುರುವಾಗುವವರೆಗೆ ಮಾತ್ರ ಹಿಸುಕಿ" ಅಂದರು. ಎಡಗೈ 29 ಕಿಲೋ ತೋರಿಸಿತು. ಬಲಗೈ 11.

ಆಮೇಲೆ ಎರಡು ಪುಟದ ಫಾರಂ ಬಂತು. ಗರ್ಭಿಣಿಯೇ? ಕ್ಯಾನ್ಸರ್ ಇದೆಯೇ, ಹಿಂದೆ ಇತ್ತೇ? ಥೈರಾಯ್ಡ್ ತೊಂದರೆ ಇದೆಯೇ? ರಕ್ತಸ್ರಾವದ ಸಮಸ್ಯೆ ಇದೆಯೇ? ಸ್ಪರ್ಶ ಸರಿಯಾಗಿ ಗೊತ್ತಾಗುತ್ತದೆಯೇ? ಇತ್ತೀಚೆಗೆ ಇಂಜೆಕ್ಷನ್ ತಗೊಂಡಿದ್ದೀರಾ? ಎಲ್ಲದಕ್ಕೂ ಸರಿಯಾಗಿ ಟಿಕ್ ಮಾಡಿದೆ. "ಈಗ ತಗೊಳ್ಳುತ್ತಿರುವ ಮಾತ್ರೆಗಳು" ಅನ್ನುವಲ್ಲಿ ಅಡ್ಡ ಗೆರೆ ಎಳೆದೆ. ಸಹಿ ಹಾಕಿ ಕೊಡುವಾಗ ಫಿಸಿಯೋ ಮೇಡಂ ಮತ್ತೊಮ್ಮೆ ಕೇಳಿದರು, "ಏನೂ ಇಲ್ವಾ? ಚರ್ಮಕ್ಕೆ, ಮೊಡವೆಗೆ, ಏನಾದ್ರೂ?"

ಇತ್ತು. ಒಂದು ವಾರದ ಹಿಂದೆ ಚರ್ಮದ ಡಾಕ್ಟ್ರು ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯಾಟಿಕ್ ಮಾತ್ರೆ ಕೊಟ್ಟಿದ್ದರು. ನೋವಿಗೂ ಅದಕ್ಕೂ ಏನು ಸಂಬಂಧ ಅಂತ ನಾನು ಬರೆದಿರಲಿಲ್ಲ. ಬೆಳಕಿಗೆ ಚರ್ಮವನ್ನು ಸೂಕ್ಷ್ಮ ಮಾಡುವ ಮಾತ್ರೆಗಳಲ್ಲಿ ಅದೂ ಒಂದು. ಅದರ ತಕರಾರು ಮುಖ್ಯವಾಗಿ ಬಿಸಿಲಿನ ನೇರಳಾತೀತ ಕಿರಣದ ಜೊತೆ, ಆದರೂ ಅಪಾಯ ತಗೊಳ್ಳುವುದು ಬೇಡ ಅಂದರು ಮೇಡಂ. ಕೋರ್ಸ್ ಮುಗಿಯಲಿ, ಡಾಕ್ಟ್ರನ್ನು ಕೇಳಿಕೊಂಡು ಬನ್ನಿ ಅಂತ ಕಳಿಸಿದರು. ಇನ್ನೂ ಎರಡು ವಾರ! ಮನೆಗೆ ಬರುವ ದಾರಿಯಲ್ಲಿ ಅಳು ಬಂತು, ಸುಳ್ಳೇಕೆ ಹೇಳಲಿ. ಹೋಗುವ ಮೊದಲೇ ಎಲ್ಲ ಮಾತ್ರೆಗಳ ಪಟ್ಟಿ ಮಾಡಿಕೊಳ್ಳಿ. ಬಿ.ಪಿ., ಮೊಡವೆ, ಗಿಡಮೂಲಿಕೆ, ಯಾವುದನ್ನೂ ಬಿಡಬೇಡಿ. ಆ ಪಟ್ಟಿ ಫೋನ್ ಮಾಡಿಯೇ ಹೇಳಿದ್ದಿದ್ದರೆ ನನ್ನ ಕಾಯುವಿಕೆಯಲ್ಲಿ ಅರ್ಧ ಉಳಿಯುತ್ತಿತ್ತು.

ಆ ಎರಡು ವಾರ ಪೂರಾ ವ್ಯರ್ಥವಾಗಲಿಲ್ಲ. ವ್ಯಾಯಾಮ ಹೇಳಿಕೊಟ್ಟು ಕಳಿಸಿದ್ದರು. ಮುಂಗೈಯನ್ನು ಮೇಜಿನ ಮೇಲಿಟ್ಟು, ಮಣಿಕಟ್ಟು ಅಂಚಿನಿಂದ ಹೊರಗೆ ಬರುವ ಹಾಗೆ ಕೂತು, ಅರ್ಧ ಕಿಲೋ ಭಾರವನ್ನು ಎಡಗೈ ಸಹಾಯದಿಂದ ಮೇಲೆತ್ತಿ, ಬಲಗೈಯೊಂದರಿಂದಲೇ ನಿಧಾನವಾಗಿ ಇಳಿಸುವುದು. ಇಳಿಸುವುದೇ ಮುಖ್ಯ, ಎತ್ತುವುದಲ್ಲ. ನೋವು ಹತ್ತರಲ್ಲಿ ನಾಲ್ಕು ದಾಟಬಾರದು. ನನಗೆ ಇಳಿಸುವಾಗಲೇ ಆರು ಏಳು ಬರುತ್ತಿತ್ತು. ಐದು ಸಲ ಮಾಡಿ ಬಿಡುತ್ತಿದ್ದೆ.

ಅಂತೂ ಮೊದಲ ಸಿಟ್ಟಿಂಗ್ ದಿನ ಬಂತು. ಕೋಣೆಯ ಬಾಗಿಲಿಗೆ ಲೇಸರ್ ಎಚ್ಚರಿಕೆಯ ಫಲಕ, ಒಳಗೆ ಕನ್ನಡಿಯೇ ಇಲ್ಲ. ನನಗೊಂದು ಕನ್ನಡಕ, ಮೇಡಂಗೊಂದು ಕನ್ನಡಕ. ಅದು ಸಾಮಾನ್ಯ ತಂಪು ಕನ್ನಡಕವಲ್ಲ, ಆ ಯಂತ್ರದ ತರಂಗಾಂತರವನ್ನು ತಡೆಯಲೆಂದೇ ಮಾಡಿದ್ದು. ಯಾವ ತರಂಗಾಂತರಕ್ಕೆ ಅನ್ನುವುದು ಅದರ ಅಂಚಿನಲ್ಲಿ ಬರೆದಿರುತ್ತದೆ, ನೋಡಿಕೊಳ್ಳಿ. ಇದು ಸುಮ್ನೆ ಶಾಸ್ತ್ರಕ್ಕಲ್ಲ. ಇನ್‌ಫ್ರಾರೆಡ್ ಕಣ್ಣಿಗೆ ಕಾಣುವುದಿಲ್ಲ, ಕಾಣದ್ದರಿಂದ ರೆಪ್ಪೆ ತಾನಾಗಿ ಮುಚ್ಚಿಕೊಳ್ಳುವುದೂ ಇಲ್ಲ. ಆದರೆ ಬೆಳಕು ಅಕ್ಷಿಪಟಲಕ್ಕೆ ಹೋಗಿ ಮುಟ್ಟುತ್ತದೆ.

ಕೈಗಡಿಯಾರ, ಬಳೆ ಬಿಚ್ಚಿಸಿದರು. ಹಚ್ಚಿಕೊಂಡಿದ್ದ ಮುಲಾಮನ್ನು ಒರೆಸಿದರು. ಬೆರಳಿನಿಂದ ಒತ್ತಿ ಒತ್ತಿ, ಎಲ್ಲಿ ಅತಿ ನೋವೋ ಅಲ್ಲಿ ಪೆನ್ಸಿಲ್‌ನಿಂದ ಮೂರು ಚುಕ್ಕಿ ಇಟ್ಟರು. ಮೂರೂ ಒಂದು ನಾಣ್ಯದಗಲದೊಳಗೆ. ಪ್ರೋಬನ್ನು, ಅಂದರೆ ಬೆಳಕು ಹೊರಬರುವ ಕೈಹಿಡಿಯನ್ನು, ಮೊದಲ ಚುಕ್ಕಿಯ ಮೇಲೆ ನೆಟ್ಟಗೆ ಇಟ್ಟು ಸ್ವಲ್ಪ ಒತ್ತಿ ಹಿಡಿದರು. ಒತ್ತಿದರೆ ಅಲ್ಲಿನ ರಕ್ತ ಪಕ್ಕಕ್ಕೆ ಸರಿದು ಬೆಳಕು ಇನ್ನಷ್ಟು ಒಳಗೆ ಹೋಗುತ್ತದಂತೆ. ಯಂತ್ರ ಬೀಪ್ ಅಂದಿತು. ನಾನು ಹಲ್ಲು ಕಚ್ಚಿ ಕೂತೆ.

ಏನೂ ಆಗಲಿಲ್ಲ.

ಬಿಸಿ ಇಲ್ಲ, ಚುಚ್ಚು ಇಲ್ಲ, ಕರೆಂಟ್ ಇಟ್ಟಾಗ ಆಗುವ ಜುಂ ಅನ್ನುವುದೂ ಇಲ್ಲ. ಪ್ರೋಬ್‌ನ ತಣ್ಣನೆಯ ತುದಿ ಚರ್ಮಕ್ಕೆ ತಾಗಿದ್ದು ಬಿಟ್ಟರೆ ಏನೂ ಗೊತ್ತಾಗಲಿಲ್ಲ. ಐವತ್ತು ಸೆಕೆಂಡ್‌ಗೆ ಮತ್ತೆ ಬೀಪ್. ಎರಡನೇ ಚುಕ್ಕಿ, ಮೂರನೇ ಚುಕ್ಕಿ. ಒಟ್ಟು ಎರಡೂವರೆ ನಿಮಿಷ. "ಆಯ್ತು" ಅಂದರು.

"ಇಷ್ಟೇನಾ?" ಅಂದುಬಿಟ್ಟೆ.

ಮೇಡಂ ನಕ್ಕರು. "ಎಲ್ಲರೂ ಇದೇ ಕೇಳ್ತಾರೆ. ಯಂತ್ರ ಆನ್ ಆಗಿತ್ತಾ ಅಂತಾನೂ ಕೇಳ್ತಾರೆ." ನಾನು ಕೇಳಬೇಕು ಅಂದುಕೊಂಡಿದ್ದೂ ಅದನ್ನೇ. ಅವರು ಒಂದು ಕಾರ್ಡ್ ತೆಗೆದು ಬರೆದು ತೋರಿಸಿದರು: ತರಂಗಾಂತರ 904 ನ್ಯಾನೋಮೀಟರ್, ಸರಾಸರಿ ಶಕ್ತಿ 60 ಮಿಲಿವ್ಯಾಟ್, ಮೂರು ಬಿಂದು, ಬಿಂದುವಿಗೆ 3 ಜೂಲ್. 0.06ನ್ನು 50ರಿಂದ ಗುಣಿಸಿ ನೋಡಿದೆ, ಸರಿಯಾಗಿ 3. ಸರಾಸರಿ ಶಕ್ತಿ ಎಷ್ಟು ಅಂತಲೇ ಕೇಳಿ. ಈ ಬಗೆಯ ಲೇಸರ್ ಬಿಟ್ಟು ಬಿಟ್ಟು ಮಿಡಿಯುತ್ತದೆ. ಜಾಹೀರಾತಿನಲ್ಲಿ ಆ ಮಿಡಿತದ ಗರಿಷ್ಠ ಶಕ್ತಿಯನ್ನು ಹತ್ತಾರು ವ್ಯಾಟ್ ಅಂತ ದೊಡ್ಡದಾಗಿ ಹಾಕುತ್ತಾರೆ. ಡೋಸ್ ಲೆಕ್ಕಕ್ಕೆ ಬರುವುದು ಸರಾಸರಿ ಮಾತ್ರ.

ಇನ್ನು 904 ಯಾಕೆ? ಟೆನಿಸ್ ಎಲ್ಬೋಗೆ ಲೇಸರ್ ಕೊಟ್ಟ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ 2008ರಲ್ಲಿ ಒಂದು ಪರಿಶೀಲನೆ ಬಂತು. ಟೆಂಡನ್ ಮೂಳೆಗೆ ಅಂಟುವ ಜಾಗಕ್ಕೇ ನೇರವಾಗಿ 904 ಕೊಟ್ಟ ಪ್ರಯೋಗಗಳಲ್ಲಿ ಸ್ವಲ್ಪ ಕಾಲದ ಮಟ್ಟಿಗೆ ನೋವು ಕಡಿಮೆಯಾಗಿದ್ದು ಕಂಡಿತು. ಬೇರೆ ಕೆಲವು ತರಂಗಾಂತರಗಳಲ್ಲಿ ಕಾಣಲಿಲ್ಲ. ಕುತ್ತಿಗೆ ನೋವಿನ ಬಗ್ಗೆ 2009ರಲ್ಲಿ ಬಂದ ಇಂಥದೇ ಪರಿಶೀಲನೆಯಲ್ಲಿ 16 ಪ್ರಯೋಗಗಳ 820 ಜನರಿದ್ದರು. ಅಲ್ಲೂ ಫಲಿತಾಂಶ ಚೆನ್ನಾಗಿತ್ತು. ಹಿಮ್ಮಡಿಯ ಟೆಂಡನ್ ವಿಷಯಕ್ಕೆ ಬಂದರೆ 2008ರ ಒಂದು ಪ್ರಯೋಗ ಲಾಭ ಇದೆ ಅಂದಿತು, 2012ರ ಇನ್ನೊಂದು ವ್ಯಾಯಾಮಕ್ಕಿಂತ ಹೆಚ್ಚೇನೂ ಇಲ್ಲ ಅಂದಿತು. ಹೀಗಾಗಿ "ಲೇಸರ್ ಕೆಲಸ ಮಾಡುತ್ತಾ?" ಅನ್ನುವ ಪ್ರಶ್ನೆಗೆ ಒಂದೇ ಉತ್ತರ ಇಲ್ಲ. ಯಾವ ನೋವಿಗೆ, ಯಾವ ಬೆಳಕು, ಎಷ್ಟು ಜೂಲ್, ಎಲ್ಲಿಗೆ ಅನ್ನುವುದರ ಮೇಲೆ ಹೋಗುತ್ತದೆ.

ಒಳಗೆ ನಡೆಯುವುದನ್ನು ಮೇಡಂ ಹೀಗೆ ವಿವರಿಸಿದರು. ಜೀವಕೋಶಕ್ಕೆ ಶಕ್ತಿ ತಯಾರಾಗುವುದು ಮೈಟೋಕಾಂಡ್ರಿಯದಲ್ಲಿ. ಅಲ್ಲಿರುವ ಸೈಟೋಕ್ರೋಮ್ ಸಿ ಆಕ್ಸಿಡೇಸ್ ಎಂಬ ಕಿಣ್ವ ಈ ಬೆಳಕನ್ನು ಹೀರಿಕೊಳ್ಳುತ್ತದೆ, ಅದರಿಂದ ಕೋಶ ಚುರುಕಾಗುತ್ತದೆ, ಊತ ತಗ್ಗುತ್ತದೆ ಅನ್ನುವುದು ಸದ್ಯಕ್ಕೆ ಹೆಚ್ಚು ಜನ ಒಪ್ಪುವ ವಿವರಣೆ. ಎಲ್ಲ ಇತ್ಯರ್ಥವಾಗಿದೆ ಅಂತಲ್ಲ ಅಂತಲೂ ಸೇರಿಸಿದರು. ನನಗೆ ಅವರ ಮೇಲೆ ನಂಬಿಕೆ ಬಂದಿದ್ದು ಆ ಕೊನೆಯ ಮಾತಿನಿಂದ.

ದಿನ ಬಿಟ್ಟು ದಿನ, ಹತ್ತು ಸಿಟ್ಟಿಂಗ್ ಅಂತ ನಿಗದಿಯಾಯಿತು. ಪ್ರತಿ ಸಲ ಹೋಗಿ ಬಂದು ಒಂದೂವರೆ ಗಂಟೆ. ಅದರಲ್ಲಿ ಲೇಸರ್ ಎರಡೂವರೆ ನಿಮಿಷ, ವ್ಯಾಯಾಮ ಇಪ್ಪತ್ತು ನಿಮಿಷ, ಉಳಿದದ್ದು ದಾರಿ ಮತ್ತು ಕಾಯುವುದು. ಮೊದಲ ಮೂರು ಸಿಟ್ಟಿಂಗ್ ಆದರೂ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣಲಿಲ್ಲ. ಕಾಣದ ಬೆಳಕು, ಗೊತ್ತಾಗದ ಚಿಕಿತ್ಸೆ, ಇಳಿಯದ ನೋವು. ಟೋಪಿ ಹಾಕಿಸಿಕೊಳ್ಳುತ್ತಿದ್ದೇನೆ ಅಂತಲೇ ಅನ್ನಿಸತೊಡಗಿತ್ತು. ನನ್ನ ಅಕ್ಕ ಅಂತೂ "ಟಾರ್ಚ್ ಹಿಡಿಸಿಕೊಂಡು ದುಡ್ಡು ಕೊಟ್ಟು ಬರ್ತೀಯಾ?" ಅಂತ ದಿನಾ ಕಾಲೆಳೆಯುತ್ತಿದ್ದಳು.

ನಾಲ್ಕನೇ ಸಿಟ್ಟಿಂಗ್‌ನಲ್ಲಿ ಎಡವಟ್ಟಾಯಿತು. ಮೇಡಂ ರಜೆ, ಬೇರೊಬ್ಬರಿದ್ದರು. ನಮ್ಮ ಪ್ರೋಬ್ ಇನ್ನೊಂದು ಕೋಣೆಯಲ್ಲಿತ್ತಂತೆ, ಅವರು ಬೇರೆ ಪ್ರೋಬ್ ಹಾಕಿದರು. ಕಾರ್ಡ್ ನೋಡಿ "ಐವತ್ತು ಸೆಕೆಂಡ್ ಅಲ್ವಾ" ಅಂತ ಅಷ್ಟೇ ಹೊತ್ತು ಹಿಡಿದರು. ನಾನೂ ಸುಮ್ಮನಿದ್ದೆ. ಹೊರಡುವಾಗ ಪ್ರೋಬ್ ಮೇಲಿನ ಚೀಟಿ ಕಣ್ಣಿಗೆ ಬಿತ್ತು: 200 ಮಿಲಿವ್ಯಾಟ್. ಗುಣಿಸಿದರೆ ಬಿಂದುವಿಗೆ 10 ಜೂಲ್. ಮೂರು ಪಟ್ಟಿಗಿಂತ ಹೆಚ್ಚು! ಆ ರಾತ್ರಿ, ಮರುದಿನ, ಅದರ ಮರುದಿನ ಮೊಣಕೈ ಮಿಡಿಯುತ್ತಲೇ ಇತ್ತು. ಡೋಸ್‌ನಿಂದಲೇ ಹೀಗಾಯಿತು ಅಂತ ಆಣೆ ಮಾಡಿ ಹೇಳಲಾರೆ. ಹಿಂದಿನ ದಿನ ಹುಮ್ಮಸ್ಸಿನಲ್ಲಿ ವ್ಯಾಯಾಮವನ್ನೂ ಎರಡು ಪಟ್ಟು ಮಾಡಿದ್ದೆ. ಆದರೆ ಲೇಸರ್ ವಿಷಯದಲ್ಲಿ ಜಾಸ್ತಿ ಕೊಟ್ಟರೆ ಜಾಸ್ತಿ ಲಾಭ ಅನ್ನುವುದು ಸುಳ್ಳು. ಒಂದು ಮಟ್ಟದವರೆಗೆ ಉಪಯೋಗ, ಅದು ದಾಟಿದರೆ ಉಪಯೋಗ ಇಳಿಯುತ್ತದೆ, ಉಲ್ಟಾ ಹೊಡೆಯಲೂಬಹುದು. ಮೇಡಂ ವಾಪಸ್ ಬಂದ ಮೇಲೆ ವಿಷಯ ಹೇಳಿದೆ. ಅವರು ವಾದ ಮಾಡಲಿಲ್ಲ. ಒಂದು ಸಿಟ್ಟಿಂಗ್ ಮುಂದೂಡಿದರು, ಕಾರ್ಡ್‌ನಲ್ಲಿ ಸೆಕೆಂಡ್ ಅನ್ನುವ ಸಾಲು ಹೊಡೆದು ಹಾಕಿ ಜೂಲ್ ಅಂತ ದಪ್ಪಕ್ಷರದಲ್ಲಿ ಬರೆದರು. ನಿಮಗೆ ಕಾರ್ಡ್ ಕೊಡದಿದ್ದರೆ ನೀವೇ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಕೇಳಲು ಸಂಕೋಚ ಬೇಡ. ಮಾತ್ರೆಯಾದರೆ ಎಷ್ಟು ಮಿಲಿಗ್ರಾಂ ಅಂತ ಕೇಳುತ್ತೇವೆ, ಅಲ್ವಾ?

ಆರನೇ ಸಿಟ್ಟಿಂಗ್ ಆದ ಮರುದಿನ ಬೆಳಿಗ್ಗೆ ಹಲ್ಲುಜ್ಜುತ್ತಿದ್ದೆ. ಬಾಯಿ ಮುಕ್ಕಳಿಸುವಾಗ ಗೊತ್ತಾಯಿತು, ಬ್ರಷ್ ಬಲಗೈಯಲ್ಲಿದೆ. ಎರಡು ತಿಂಗಳಿಂದ ಎಡಗೈಯಲ್ಲಿ ಉಜ್ಜುತ್ತಿದ್ದೆ. ಯಾವಾಗ ಬಲಗೈಗೆ ಬಂತೋ ನೆನಪಿಲ್ಲ.

ಅಲ್ಲಿಂದ ಮುಂದೆ ದಿನದಿನಕ್ಕೆ ಅಲ್ಲದಿದ್ದರೂ ಸಿಟ್ಟಿಂಗ್‌ಗೊಂದು ಮೆಟ್ಟಿಲು ಇಳಿಯಿತು. ನೋವು ಪೂರ್ತಿ ಹೋಗಲಿಲ್ಲ. ಆರು ಏಳಿದ್ದದ್ದು ಮೂರಕ್ಕೆ ಬಂತು. ಮೂರಕ್ಕೆ ಬಂದಿದ್ದರಿಂದ ವ್ಯಾಯಾಮವನ್ನು ಐದರ ಬದಲು ಹದಿನೈದು ಸಲ, ಮೂರು ಸುತ್ತು ಮಾಡಲು ಆಯಿತು. ಅರ್ಧ ಕಿಲೋ ಒಂದು ಕಿಲೋ ಆಯಿತು. ನನ್ನ ಮಟ್ಟಿಗೆ ಲೇಸರ್ ಮಾಡಿದ ಉಪಕಾರ ಇದೇ. ಟೆಂಡನ್ ಗಟ್ಟಿಯಾಗುವುದು ಭಾರದಿಂದ, ಲೇಸರ್ ಆ ಭಾರ ಹೊರುವಷ್ಟು ನೋವನ್ನು ತಗ್ಗಿಸಿಕೊಟ್ಟಿತು. ಟೆನಿಸ್ ಎಲ್ಬೋ ಹೆಚ್ಚಿನವರಿಗೆ ಒಂದು ವರ್ಷದೊಳಗೆ ತಾನಾಗಿಯೂ ಇಳಿಯುತ್ತದೆ ಅನ್ನುವುದನ್ನೂ ಮರೆಯಬಾರದು. ನನ್ನದರಲ್ಲಿ ಕಾಲದ ಪಾಲೆಷ್ಟು, ಬೆಳಕಿನ ಪಾಲೆಷ್ಟು, ಬಿಡಿಸಿ ಹೇಳಲು ಆಗುವುದಿಲ್ಲ.

ಖರ್ಚಿನ ಮಾತು. ಒಂದೊಂದು ಸಿಟ್ಟಿಂಗ್‌ಗೆ ಅವತ್ತಿನ ದುಡ್ಡು ಅವತ್ತೇ ಕೊಟ್ಟೆ, ಅದೇ ವಾಸಿ. ಆರನೆಯದರಲ್ಲಿ ಗುಣ ಕಾಣದಿದ್ದರೆ ನಿಲ್ಲಿಸೋಣ ಅಂತ ಮೇಡಮ್ಮೇ ಮೊದಲ ದಿನ ಹೇಳಿದ್ದರು. ಇನ್ಶೂರೆನ್ಸ್‌ನವರು ಮೊದಲ ಸಲ ಕ್ಲೇಮ್ ತಿರಸ್ಕರಿಸಿದರು. ಬಿಲ್‌ನಲ್ಲಿ ಬರೀ "ಲೇಸರ್" ಅಂತಿತ್ತು. ಲೇಸರನ್ನು ಇನ್ನೂ ಪೂರ್ತಿ ಸಾಬೀತಾಗದ ಚಿಕಿತ್ಸೆ ಅಂತ ಹೊರಗಿಡುವ ಪಾಲಿಸಿಗಳು ಬಹಳ ಇವೆ. ಆಮೇಲೆ ಪರೀಕ್ಷೆ, ವ್ಯಾಯಾಮ, ಲೇಸರ್ ಮೂರನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಸಿ, ಡಾಕ್ಟ್ರು ಕೊಟ್ಟ ಚೀಟಿ, ಎಕ್ಸ್‌ರೇ ವರದಿ, ಸಿಟ್ಟಿಂಗ್ ಕಾರ್ಡ್‌ನ ಪ್ರತಿ ಸೇರಿಸಿ ಮತ್ತೆ ಕಳಿಸಿದೆ. ಫಿಸಿಯೋಥೆರಪಿಯ ಪಾಲು ಬರುತ್ತದೆ ಅಂದಿದ್ದಾರೆ, ಲೇಸರ್‌ದು ಇಲ್ಲ. ಚಿಕಿತ್ಸೆ ಶುರು ಮಾಡುವ ಮೊದಲೇ ಬರಹದಲ್ಲಿ ಕೇಳಿ ತಿಳಿದುಕೊಂಡಿದ್ದರೆ ಈ ಓಡಾಟ ತಪ್ಪುತ್ತಿತ್ತು.

ಕೊನೆಯ ದಿನ ಮತ್ತೆ ಹಿಡಿತ ಅಳೆದರು. ಬಲಗೈ 24 ಕಿಲೋ. ಎಡಗೈ ಅದೇ 29. "ಇನ್ನು ಬೆಳಕು ಬೇಡ, ಆದರೆ ಭಾರ ಬಿಡಬೇಡಿ, ಇನ್ನೂ ಎರಡು ತಿಂಗಳು" ಅಂದರು ಮೇಡಂ. ಬರುವಾಗ ಕನ್ನಡಕ ವಾಪಸ್ ಕೊಡುವುದನ್ನು ಮರೆತು ಹಾಕಿಕೊಂಡೇ ಕೌಂಟರ್‌ವರೆಗೆ ಬಂದಿದ್ದೆ.

ಒಂದು ಕಿಲೋ ಡಂಬೆಲ್ ಈಗ ಊಟದ ಮೇಜಿನ ಮೇಲೇ ಇದೆ, ಕಣ್ಣಿಗೆ ಬೀಳಲಿ ಅಂತ. ಕೆಂಪು ಪೆನ್ನಿನ ಬ್ಯಾಟರಿ ತೆಗೆದು ಗೋಡೆ ಗಡಿಯಾರಕ್ಕೆ ಹಾಕಿದ್ದೇನೆ. ನಿನ್ನೆ ಅಕ್ಕ ಮನೆಗೆ ಬಂದವಳು, ಕಪಾಟಿನ ಒಂದು ಹಲಗೆ ಸಡಿಲವಾಗಿದೆ, ಸ್ಕ್ರೂಡ್ರೈವರ್ ಕೊಡು ಅಂದಳು. ತಂದುಕೊಟ್ಟೆ. ತಿರುಗಿಸಿದ್ದು ಅವಳೇ.